ಬೂರುಗದ ನೆರಳಿನ ತುದಿ

ಏಡಿಗಳು ಕಡಲಿಗೆ ಇಳಿದ ಸಂಜೆ

ಇವತ್ತಿನಿಂದ ಬುರುಡೆಗೆ ಹೇಳಿಕೊಳ್ಳುತ್ತೇನೆ. ನನ್ನ ತೌರಿನ ದ್ವೀಪದಲ್ಲಿ ಮಾತಾಡಲು ಜನವಿಲ್ಲದ ಹೆಂಗಸರು ಹೀಗೇ ಮಾಡುತ್ತಾರೆ. ಸಂಜೆ ಒಣಗಿದ ಸೋರೆಬುರುಡೆಯ ಬಾಯಿಗೆ ಬಾಯಿಟ್ಟು ದಿನದ ಮಾತೆಲ್ಲ ಹೇಳಿ, ಹತ್ತಿ ತುರುಕಿ, ಮಾಡಿನ ಗಳಕ್ಕೆ ನೇತುಹಾಕುತ್ತಾರೆ. ಅವ್ವ ಹಾಗೆ ಮಾಡುವಾಗ ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ಈಗ ನಿನ್ನನ್ನೇ ನೋಡಿಕೊಂಡು ನಗು ತನಾಮಿ, ನಗು.

ಕಸಿಮೊ, ನಿನ್ನನ್ನು ಮಣ್ಣು ಮಾಡಿದಾಗ ನಾನು ಬಯಲಿನ ಅಂಚಿನಲ್ಲಿ ನಿಂತಿದ್ದೆ. ಕತ್ತರಿಸಿದ ಕೂದಲು ಬೆಳೆದು ಹೆಗಲು ಮುಟ್ಟುವವರೆಗೆ ಗಂಡ ಸತ್ತವಳು ಬಯಲಿಗೆ ಕಾಲಿಡುವಂತಿಲ್ಲ. ದೂರದಿಂದಲೇ ನೋಡಿದೆ. ಮಂಡಿಯನ್ನು ಎದೆಗೆ ಸೇರಿಸಿ, ನಿನ್ನ ಜೋಲಿಯಲ್ಲೇ ಸುತ್ತಿ ಕೂರಿಸಿದರು. ಮುಖದ ಮೇಲೆ ನಾನು ಸುಟ್ಟ ಬಟ್ಟಲು ಕವುಚಿದರು. ಕೆಂಪಿನ ಮೇಲೆ ಬಿಳಿ ಕಪ್ಪೆ ಬರೆದಿದ್ದೆ. ಕಪ್ಪೆಯ ಒಂದು ಕಾಲು ಸೊಟ್ಟ.

ಬಯಲಿನಲ್ಲಿ ಗುರುತು ಇಡುವಂತಿಲ್ಲವಲ್ಲ. ಊರಿನ ಸತ್ತವರೆಲ್ಲ ಅಲ್ಲೇ, ಒಬ್ಬರ ಪಕ್ಕ ಒಬ್ಬರು, ಒಬ್ಬರ ಮೇಲೊಬ್ಬರು. ಬದುಕಿದವರು ಅವರ ಮೇಲೆ ಕುಣಿಯಬೇಕು, ಕಾಲಿಗೆ ಕಲ್ಲು ತಾಗಬಾರದು. ಹಾಗಾಗಿ ನಾನು ನೆರಳನ್ನು ಗುರುತು ಮಾಡಿಕೊಂಡೆ. ಮೀನಿಗೆ ಹೋದ ದೋಣಿಗಳು ಮರಳುವ ಹೊತ್ತಿಗೆ ಬೂರುಗದ ಮರದ ನೆರಳಿನ ತುದಿ ಸರಿಯಾಗಿ ನಿನ್ನ ನೆತ್ತಿಯ ಮೇಲೆ ಬೀಳುತ್ತದೆ. ನನ್ನ ಬಾಗಿಲಲ್ಲಿ ಕೂತರೆ ಚೆನ್ನಾಗಿ ಕಾಣುತ್ತದೆ.

ನನ್ನ ಎಡಕ್ಕೆ ನಿನಗೆ ಜಾಗ ಬಿಡಿಸ್ತೀನಿ ಅಂತ ನೀನು ಅಂದಿದ್ದೆ, ಆ ಮುರಿದ ಮುಂದಲ ಹಲ್ಲು ತೋರಿಸಿ ನಗುತ್ತಾ. ಆ ಜಾಗ ಖಾಲಿಯೇ ಇದೆ ಎಂದುಕೊಂಡಿದ್ದೇನೆ. ಅಷ್ಟು ಸಾಕು.

ಚಂದ್ರನ ಗೆರೆ ಕಂಡ ದಿನ

ನಿನ್ನ ಅಕ್ಕ ಬಂದಿದ್ದಳು. ಏನೂ ತರದೆ ಬರುವವಳಲ್ಲ, ಒಂದು ತುತ್ತು ಮರಗೆಣಸಿನ ರೊಟ್ಟಿ, ಅದರ ಜೊತೆಗೆ ಮೂರು ತುತ್ತಿನಷ್ಟು ಬೈಗುಳ.

"ಏನೇ ಕಡಲಾಚೆಯವಳೇ, ಬುರುಡೆ ಜೊತೆ ಮಾತಾಡ್ತೀಯಂತೆ? ಊರಿಗೊಂದು ದಾರಿ ಆದ್ರೆ ನಿಂಗೊಂದು ದಾರಿ."

"ನಿಮ್ಮ ಜೊತೆ ಆಡೋದಕ್ಕಿಂತ ವಾಸಿ ಅಕ್ಕಾ. ಅದು ತಿರುಗಿ ಬೈಯಲ್ಲ," ಎಂದೆ.

"ಬೈದ್ರೆ ಹೇಳು, ನಾನೂ ಒಂದು ಇಟ್ಕೋತೀನಿ," ಎಂದು ಹೊರಟುಹೋದಳು. ಮೂವತ್ತು ಮಳೆಗಾಲದಿಂದ ಈ ಊರಿನಲ್ಲಿದ್ದೇನೆ, ಈಗಲೂ ಕಡಲಾಚೆಯವಳೇ. ಒಂದು ಮಗು ಆಗಿದ್ದರೆ ಆ ಮಗುವಿನ ಅವ್ವ ಅನ್ನುತ್ತಿದ್ದರು.

ಸಂಜೆ ನೆರಳು ನಿನ್ನ ಮೇಲೆ ಬಂದಾಗ ಇದೆಲ್ಲ ನಿನಗೆ ಹೇಳಿದೆ. ಕೇಳಿಸಿತೇ?

ಹುಣ್ಣಿಮೆ

ಮಣ್ಣು ತುಳಿದೆ, ಬಟ್ಟಲು ಮಾಡಲಿಲ್ಲ. ರೊಟ್ಟಿ ಬೇಯಿಸಿದೆ, ತಿನ್ನಲಿಲ್ಲ.

ನೀನು ನನ್ನ ಬಾಗಿಲ ಕಡೆಗೆ ಸರಿಯುತ್ತಿದ್ದೀಯ ಅನ್ನಿಸುತ್ತದೆ ಕಸಿಮೊ. ಮೊದಲಿಗಿಂತ ಹತ್ತಿರ ಕಾಣುತ್ತೀಯ. ಒಂಟಿ ಹೆಂಗಸಿನ ಕಣ್ಣು, ಏನು ಬೇಕಾದರೂ ಕಾಣುತ್ತದೆ. ಆದರೂ ಹಿತವಾಗಿದೆ.

ಬಿರುಗಾಳಿ ಹಾದುಹೋದ ಮರುದಿನ

ಮಾಡು ಹೋಯಿತು. ಗಾಳಿ ಬೀಸಿದಷ್ಟು ಹೊತ್ತೂ ಬುರುಡೆಯನ್ನು ಮಡಿಲಲ್ಲಿಟ್ಟುಕೊಂಡು ಕಂಬಕ್ಕೆ ಆತು ಕೂತಿದ್ದೆ. ನೀನಿದ್ದಿದ್ದರೆ ಹಾಡು ಹೇಳಿ ನನ್ನ ಕಿವಿ ಕಿತ್ತುಹಾಕುತ್ತಿದ್ದೆ. ನಾನು ಎಷ್ಟು ಬೇಜಾರು ಮಾಡಿಕೊಳ್ಳುತ್ತಿದ್ದೆ ಆಗ! ಒಂದೇ ಒಂದು ಸಲ ಆ ಕೆಟ್ಟ ಸ್ವರ ಕೇಳಿದರೆ ಸಾಕು ಅನ್ನಿಸಿತು. ಅತ್ತುಬಿಟ್ಟೆ.

ಬೆಳಗ್ಗೆ ಯಾರೂ ಬರಲಿಲ್ಲ. ಮಧ್ಯಾಹ್ನ ನಿನ್ನ ಅಕ್ಕ ಇನಾಗ್ವ ತಾಳೆಗರಿಯ ಎರಡು ಹೊರೆ ತಂದು ದೊಪ್ಪೆಂದು ಎಸೆದು, "ನೆನೆದು ಸತ್ತರೆ ನನ್ನ ತಲೆಗೆ ಬರುತ್ತೆ," ಎಂದಳು. ಕಟ್ಟಲು ಕೈ ಕೊಡಲಿಲ್ಲ. ಅವಳ ಇಬ್ಬರು ಗಂಡುಮಕ್ಕಳೂ ಈಗ ಅರಕೋಯನ ಮನೆಯಲ್ಲೇ ಉಂಡು ಅಲ್ಲೇ ಮಲಗುತ್ತಾರೆ. ಅವಳ ಮಾಡನ್ನು ಕಟ್ಟಿದವರು ಯಾರೋ, ಕೇಳಲಿಲ್ಲ.

ಅರಕೋಯ ಗೊತ್ತಲ್ಲ, ನೀನು ದೋಣಿ ಕೊರೆಯುವುದು ಕಲಿಸಿದ ಹುಡುಗ. ಮೊದಲು ಅವನ ಮಾವ ಮಾಡುತ್ತಿದ್ದ ಹಾಗೆ ಮೀನು ಹಂಚುವವನಷ್ಟೇ ಆಗಿದ್ದ. ಈಗ ಕೆತ್ತಿದ ಮಣೆಯ ಮೇಲೆ ಕೂರುತ್ತಾನೆ, ಉಳಿದವರು ನೆಲದ ಮೇಲೆ. ಅವನ ಮನೆಯಿಂದ ಬಂದವರು ನೂರಾರು ಬಟ್ಟಲು ಬೇಕೆಂದು ಹೇಳಿಹೋದರು.

"ಬಣ್ಣ ಗಿಣ್ಣ ಬೇಡ ತನಾಮಮ್ಮ, ಬೇಗ ಬೇಗ ಮಾಡಿಕೊಡಿ. ತಿನ್ನೋರು ಬಟ್ಟಲು ನೋಡ್ತಾರಾ?"

ನನ್ನ ಕೈಯ ಕೊನೆಯ ಬಣ್ಣದ ಬಟ್ಟಲು ನಿನ್ನ ಕಪ್ಪೆ. ಅದಕ್ಕೂ ಹಿಂದೆ ಮನಸ್ಸಿಟ್ಟು ಬರೆದದ್ದು ಒಂದು ಆಮೆ, ಒಡೆದ ದೋಣಿಯಲ್ಲಿ ತೇಲಿ ಬಂದಿದ್ದಳಲ್ಲ ಒಬ್ಬ ಮುದುಕಿ, ಮಣ್ಣು ಮಾಡುವಾಗ ಅವಳ ಮುಖಕ್ಕೆ ಕವುಚಲು. ಅವಳ ಭಾಷೆ ಯಾರಿಗೂ ತಿಳಿಯಲಿಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿ ನನ್ನ ಜೋಲಿಯಲ್ಲೇ ಕಣ್ಣು ಮುಚ್ಚಿದಳು. ಹೆಸರೋ, ನೀರು ಬೇಕೆಂದಳೋ, ಇವತ್ತಿಗೂ ಗೊತ್ತಿಲ್ಲ. ಎಲ್ಲಿ ಹೂಳುವುದೆಂದು ಆಗ ಯಾರೂ ಕೇಳಲೇ ಇಲ್ಲ. ಬಯಲಿಗೆ ಒಯ್ದರು, ಅಷ್ಟೇ.

ಶಂಖ ಊದಿ ಊರು ಸೇರಿಸಿದ ದಿನ

ಸುಡುತ್ತಿದ್ದ ಬಟ್ಟಲು ಹಾಗೇ ಬಿಟ್ಟು ಬಂದು ಹೇಳುತ್ತಿದ್ದೇನೆ.

ಬಯಲಿನ ಸುತ್ತ ಕಲ್ಲು ನಿಲ್ಲಿಸುತ್ತಾರಂತೆ. ನೆಲ ಸಮ ಮಾಡಿ, ತುಳಿದು ಗಟ್ಟಿ ಮಾಡಿ, ಅಲ್ಲಿ ಚೆಂಡಾಟವಂತೆ, ಬೇರೆ ಊರಿನ ದೊಡ್ಡವರು ನೋಡಲು ಬರುತ್ತಾರಂತೆ. ಇನ್ನು ಮುಂದೆ ಅಲ್ಲಿ ಯಾರನ್ನೂ ಹೂಳುವಂತಿಲ್ಲ.

"ನಿಮ್ಮ ನಿಮ್ಮ ಸತ್ತೋರನ್ನ ನಿಮ್ಮ ನಿಮ್ಮ ಮನೆಗೆ ಕರ್ಕೊಂಡು ಹೋಗಿ," ಎಂದ ಅರಕೋಯ, ಮಣೆಯ ಮೇಲಿಂದ. "ನನ್ನ ಅವ್ವನ್ನ ನಾನು ಆಗಲೇ ತಂದು ಮನೆಯೊಳಗೆ ಮಲಗಿಸಿದೀನಿ. ಯಾರ ನೆಲದಡಿ ಹಿರಿಯರು ಇದ್ದಾರೋ ಆ ಮನೆಗೆ ಹೊಳೆಬದಿಯ ಹೊಲ. ಇಲ್ಲದೋರು ಗುಡ್ಡದ ಮೇಲೆ ಬೆಳ್ಕೊಳ್ಳಿ."

ಒಬ್ಬ ಮುದುಕ ಎದ್ದು, "ಎಲ್ಲಾರೂ ಒಟ್ಟಿಗೆ ಮಲಗವ್ರಲ್ಲಪ್ಪಾ! ಈ ಕಾಲು ನಮ್ಮಪ್ಪಂದು, ಆ ಕೈ ನಿಮ್ಮಪ್ಪಂದು ಅಂತ ಹೇಗಪ್ಪಾ ಹೇಳೋದು?" ಎಂದ. ಜನ ನಕ್ಕರು. ಅರಕೋಯ ನಗಲಿಲ್ಲ. ಆಮೇಲೆ ಜನವೂ ನಗು ನಿಲ್ಲಿಸಿದರು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

ಊರಿನ ಮಾಂತ್ರಿಕ ಬಯಾರನ ಹತ್ತಿರ ಹೋಗಿ ಕೇಳಿದೆ. ಸತ್ತವರನ್ನು ಕರೆಯುವುದು, ಕಳಿಸುವುದು ಎಲ್ಲ ಅವನದೇ ಕೆಲಸ. "ನಾನು ಸತ್ತರೆ ಯಾರ ನೆಲ ತಾತಾ?"

ಹೊಗೆಸೊಪ್ಪು ಎಳೆದು ನನ್ನನ್ನೇ ನೋಡಿದ. "ಸತ್ತೋರು ಅವ್ವನ ಮನೆಗೆ ಸೇರಬೇಕು. ನಿಮ್ಮವ್ವನ ಮನೆ ಕಡಲಾಚೆ. ಮಕ್ಕಳೂ ಇಲ್ಲ. ನೋಡೋಣ ಬಿಡಮ್ಮ, ಆಗ ನಾವಿರ್ತೀವೋ ಇಲ್ವೋ."

ಮನೆಗಳ ಹಿಂದೆ ಏಡಿಚಿಪ್ಪು, ಒಡೆದ ಮಡಕೆ ಸುರಿಯುವ ತಿಪ್ಪೆಯಿದೆ. ಬರುವಾಗ ಅದನ್ನು ದಾಟಿ ಬಂದೆ. ಇಷ್ಟು ದಿನ ಅದನ್ನು ಹೀಗೆ ನೋಡಿರಲಿಲ್ಲ.

ಅದರ ಮರುದಿನ

ನಿನ್ನ ಅಕ್ಕ ನಿನ್ನನ್ನು ಕೇಳಲು ಬಂದಳು. ಹೌದು, ಒಲೆಗೆ ಕೊಳ್ಳಿ ಕೇಳಿದ ಹಾಗೆ.

"ನಮ್ಮವ್ವ ಕಡಲಲ್ಲಿ ಹೋದ್ಳು, ಮೂಳೆ ಸಿಗಲಿಲ್ಲ. ಅಜ್ಜಿ ಎಲ್ಲಿದ್ದಾಳೋ ಯಾರಿಗೂ ಗೊತ್ತಿಲ್ಲ. ನಮ್ಮ ಮನೆಗೆ ಅಂತ ಇರೋನು ಕಸಿಮೊ ಒಬ್ಬನೇ. ಅವನು ನನ್ನ ನೆಲಕ್ಕೆ ಬರಬೇಕು. ಜಾಗ ತೋರಿಸು."

"ಅವನು ನನ್ನ ಗಂಡ."

"ನನ್ನ ಅವ್ವನ ಹೊಟ್ಟೇಲಿ ಹುಟ್ಟಿದೋನು. ಗಂಡ ಅನ್ನೋದು ಉಸಿರಿರೋ ತನಕ. ಈಗ ಅವನು ನಮ್ಮವನು."

"ನನಗೆ ಜಾಗ ಗೊತ್ತಿಲ್ಲ ಅಂದ್ರೆ?"

"ದಿನಾ ಸಂಜೆ ಬಾಗಿಲಲ್ಲಿ ಕೂತು ಆ ನೆರಳಿಗೆ ಹಲ್ಲು ಕಿರೀತಿಯಲ್ಲ, ನನಗೆ ಕಣ್ಣಿಲ್ವಾ?"

ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು. ನಿನ್ನನ್ನು ಅಗೆದು ಎತ್ತಿಕೊಂಡು ಹೋಗುತ್ತಾರೆ ಕಸಿಮೊ, ನಾನು ನೋಡುತ್ತಾ ನಿಲ್ಲಬೇಕು. ನಿನ್ನ ಎಡಗಡೆಯ ನನ್ನ ಜಾಗವೂ ಹೋಯಿತು.

ಅಮಾವಾಸ್ಯೆ

ಹೇಳಲು ಏನೂ ಇಲ್ಲ.

ಅಗೆದ ದಿನ

ಇವತ್ತೇ ಕೊನೆಯ ದಿನವೆಂದು ಸಾರಿದ್ದರು, ನಾಳೆಯಿಂದ ನೆಲ ತುಳಿಯುತ್ತಾರೆ. ಊರಿಗೆ ಊರೇ ಬಯಲಿನಲ್ಲಿತ್ತು. ಮಗಳಂದಿರು ಅವ್ವಂದಿರನ್ನು ಬುಟ್ಟಿಯಲ್ಲಿ ಹೊತ್ತು ನಡೆಯುತ್ತಿದ್ದರು. ಇಬ್ಬರು ಒಂದೇ ತಲೆಬುರುಡೆಗೆ ಜಗಳವಾಡಿದರು. ನನ್ನ ಕೂದಲು ಇನ್ನೂ ಕಿವಿ ದಾಟಿಲ್ಲ, ಅಂಚಿನಲ್ಲೇ ನಿಂತೆ.

"ಬಾಮ್ಮ ಒಳಗೆ. ಇನ್ನು ಅದೆಲ್ಲ ಕಟ್ಟಳೆ ಇಲ್ಲ," ಎಂದ ಬಯಾರ.

ಅಷ್ಟು ಹಗುರವಾಗಿ ಹೇಳಿಬಿಟ್ಟ. ಇಷ್ಟು ಕಾಲ ಈ ಅಂಚಿನಲ್ಲಿ ಕೂತು ಸವೆದೆನಲ್ಲ!

ದೋಣಿಗಳು ಮರಳುವ ಹೊತ್ತಿಗೆ ನೆರಳಿನ ತುದಿ ಬಿದ್ದ ಕಡೆ ಬೆರಳಿಟ್ಟೆ. ಇನಾಗ್ವ ಶಂಖದ ಚಿಪ್ಪಿನಿಂದ ತಾನೇ ಅಗೆದಳು, ಯಾರನ್ನೂ ಮುಟ್ಟಗೊಡಲಿಲ್ಲ. ಮೊಣಕೈ ಆಳಕ್ಕೆ ಕೆಂಪು ಕಂಡಿತು.

"ತನಾಮಮ್ಮನ ಕೈ ಬಟ್ಟಲು!" ಎಂದು ಸುತ್ತ ನಿಂತವರು ಕೂಗಿದರು.

ನನ್ನ ಕೈಯದೇ. ಆದರೆ ಕಪ್ಪೆಯಲ್ಲ. ಆಮೆ.

ಆಗ ತಿಳಿಯಿತು. ನಿನ್ನನ್ನು ಹೂಳಿದ್ದು ಏಡಿ ಇಳಿಯುವ ಕಾಲದಲ್ಲಿ. ಈಗ ಸೂರ್ಯ ಬೇರೆ ಕಡೆ ಇಳಿಯುತ್ತಾನೆ, ಮರದ ನೆರಳೂ ಬೇರೆ ಕಡೆ ಚಾಚುತ್ತದೆ. ಹೊಲಕ್ಕೆ ಹೋಗುವ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿರುವ ಸಂಗತಿ, ನನಗೂ ಗೊತ್ತು. ಸರಿದದ್ದು ನೆರಳು ಕಸಿಮೊ, ನೀನಲ್ಲ. ನೀನು ನನ್ನ ಹತ್ತಿರ ಬರುತ್ತಿದ್ದೀಯ ಎಂದು ನಂಬಲು ಆಸೆಯಾಗಿತ್ತು, ನಂಬಿದೆ.

ಮೂಳೆಗಳು ಒಣಗಿ ಚೊಕ್ಕವಾಗಿದ್ದವು. "ಇಷ್ಟು ಬೇಗ?" ಎಂದರು ಯಾರೋ. "ಒಳ್ಳೆಯವನ ಮೂಳೆ ಬೇಗ ಚೊಕ್ಕ ಆಗುತ್ತೆ," ಎಂದ ಬಯಾರ, ಎಲ್ಲ ಬಲ್ಲವನ ಹಾಗೆ. ಪುಟ್ಟ ದವಡೆ. ಮುಂದಿನ ಹಲ್ಲೆಲ್ಲ ನೆಟ್ಟಗೆ, ಒಂದೂ ಮುರಿದಿಲ್ಲ. ಇನಾಗ್ವ ಅದರ ಮೇಲೆ ತಟ್ಟನೆ ಹತ್ತಿಬಟ್ಟೆ ಹಾಕಿ ಎದೆಗೊತ್ತಿಕೊಂಡಳು.

ಕೂಗಲೆಂದು ಬಾಯಿ ತೆರೆದವಳು ಕೂಗಲಿಲ್ಲ. ಹೇಳಿದ್ದರೆ ಆ ಮುದುಕಿಯನ್ನು ತಿಪ್ಪೆಗೆ ಎಸೆಯುತ್ತಿದ್ದರು, ಅವಳನ್ನು ಕೇಳುವವರು ಯಾರಿದ್ದಾರೆ? ನಿನ್ನನ್ನು ನಿನ್ನಕ್ಕನಿಗೆ ಬಿಟ್ಟುಕೊಡಬಾರದೆಂಬ ಹೊಟ್ಟೆಕಿಚ್ಚೂ ಇತ್ತು. ಬುರುಡೆಗೆ ಸುಳ್ಳು ಹೇಳಿ ಏನಾಗಬೇಕು.

ನೀನು ಅಲ್ಲೇ ಉಳಿದೆ. ನಾಳೆ ತುಳಿಯುತ್ತಾರೆ.

ನೆಲ ತುಳಿಯುವ ಸದ್ದು ಕೇಳುತ್ತಿರುವ ದಿನ

ಧಪ್, ಧಪ್, ಧಪ್. ಬೆಳಗ್ಗೆಯಿಂದ. ಕಿವಿಗೆ ಹತ್ತಿ ಇಟ್ಟುಕೊಂಡೆ. ಪ್ರಯೋಜನವಾಗಲಿಲ್ಲ, ಕಾಲಿನಿಂದ ಕೇಳಿಸುತ್ತದೆ.

ಇನಾಗ್ವ ಬಾಗಿಲಲ್ಲಿ ನಿಂತು ಕಡ್ಡಿ ಮುರಿದ ಹಾಗೆ ಹೇಳಿದಳು. "ಗಂಡ ನನ್ನ ಮನೇಲಿ, ಹೆಂಡತಿ ಹೊರಗೆ ಅಂದ್ರೆ ಊರು ಮುಖಕ್ಕೆ ಉಗಿಯುತ್ತೆ. ಜೋಲಿ, ಹಂಚು ಎತ್ಕೊಂಡು ಬಾ. ನೆಲದವನಿಗೆ ಊಟ ಹಾಕೋ ಕೆಲಸ ನಿಂದು."

"ಬರಲ್ಲ ಅಂದ್ರೆ?"

"ಬರಲ್ಲ ಅಂದ್ರೆ ಬರಬೇಡ. ಏಡಿ ಸಾರು ಮಾಡಿದೀನಿ. ಜಾಸ್ತಿ ಆಗಿದೆ."

ಹೋದೆ. ಬುರುಡೆಯನ್ನೂ ತಂದಿದ್ದೇನೆ.

ಮತ್ತೆ ಚಂದ್ರನ ಗೆರೆ

ದೊಡ್ಡ ಮನೆ. ಹಿಂದೆ ಇಲ್ಲಿ ಎಷ್ಟೊಂದು ಜೋಲಿ ತೂಗುತ್ತಿದ್ದವು. ಈಗ ಎರಡು, ಮೂಲೆಗೊಂದು. ನಡುವೆ ನೆಲದಡಿ ಆ ಮುದುಕಿ.

ಮೊದಲ ದಿನ ಅವಳ ತಲೆಯ ಮೇಲಿನ ನೆಲಕ್ಕೆ ರೊಟ್ಟಿ ಇಟ್ಟೆ. ಗಂಡನ ಹೆಸರು ಹೇಳಿ ಇಡಬೇಕು. ಇನಾಗ್ವ ನೋಡುತ್ತಿದ್ದಳು, ಹೇಳಿದೆ. ಸುಳ್ಳು ಹೇಳಿದ ನಾಲಿಗೆಗೆ ಸಾರು ಸಪ್ಪೆ ಅನ್ನಿಸಿತು.

ಕಸಿಮೊ, ನಾನು ನೆರಳಿಗೆ ಹೇಳಿದ್ದೆಲ್ಲ ನಿನಗೆ ಮುಟ್ಟಲಿಲ್ಲ ಎಂಬುದೇ ದೊಡ್ಡ ಸಂಕಟ. ಮೊದಮೊದಲು ಒಂದಿಷ್ಟು ಮುಟ್ಟಿರಬೇಕು. ಆಮೇಲೆ ಹೇಳಿದ್ದು, ಅತ್ತದ್ದು, ನಿನ್ನಕ್ಕನನ್ನು ಬೈದದ್ದು ಎಲ್ಲ ಈ ಮುದುಕಿ ಕೇಳಿಸಿಕೊಂಡಿದ್ದಾಳೆ. ಪಾಪ, ಒಂದಕ್ಷರ ಅರ್ಥವಾಗಿರಲಿಕ್ಕಿಲ್ಲ.

ಮರಗೆಣಸು ತುರಿದ ದಿನ

ಬೆಳಗ್ಗೆಯಿಂದ ತುರಿದು, ಬುಟ್ಟಿಯಲ್ಲಿ ಹಿಂಡಿ ವಿಷದ ನೀರು ತೆಗೆದು, ಸಂಜೆ ಸುಟ್ಟೆವು. ಹಿಂಡುವಾಗ ಬುಟ್ಟಿಯ ಆ ತುದಿ ಹಿಡಿಯಲು ಒಬ್ಬರಿದ್ದರೆ ಎಷ್ಟು ಸಲೀಸು! "ಎಳೀ! ಸತ್ತ ಹಾವು ಹಿಡಿದ ಹಾಗೆ ಹಿಡಿದಿದೀಯ," ಎಂದು ಇನಾಗ್ವಕ್ಕ ಕೂಗುತ್ತಲೇ ಇದ್ದಳು.

ಕೆಳಗಿನವಳಿಗೆ ಮೊದಲ ರೊಟ್ಟಿ. ಇವತ್ತು ಅಕ್ಕ ಹೊರಗಿದ್ದಳು, ಯಾವ ಹೆಸರನ್ನೂ ಹೇಳದೆ ಇಟ್ಟೆ. "ತಿನ್ನಮ್ಮ, ಖಾರ ಕಮ್ಮಿ ಹಾಕಿದೀನಿ," ಎಂದೆ ಅಷ್ಟೇ.

ಚೆಂಡಾಟದ ದಿನ

ಬೇರೆ ಊರುಗಳಿಂದ ಜನ ಬಂದಿದ್ದರು. ನನ್ನ ಬಣ್ಣವಿಲ್ಲದ ಬಟ್ಟಲುಗಳಲ್ಲಿ ಎಲ್ಲರೂ ಉಂಡರು. ಅರಕೋಯನ ಮಣೆಯಲ್ಲಿ ಕೆತ್ತಿದ ಮೃಗದ ಮುಖಕ್ಕೆ ಚಿನ್ನದ ಕಣ್ಣು ಬಂದಿದೆ.

ನಾನು ಕಲ್ಲಿನ ಸಾಲಿನ ಆಚೆ ನಿಂತೆ. ಹುಡುಗರು ಸೊಂಟದಿಂದ ಚೆಂಡು ಹಾರಿಸುತ್ತಾ ಓಡಿದರು, ನಿನ್ನ ಮೇಲೆ, ಎಲ್ಲರ ಮೇಲೆ. ಎಲ್ಲಿ ನೀನು ಎಂದು ಹುಡುಕಿದೆ. ಸಿಗಲಿಲ್ಲ. ಆ ಕಾಲದ ನೆರಳು ಈಗ ಇಲ್ಲವಲ್ಲ. ಅಷ್ಟು ಜನರ ನಡುವೆ ನನ್ನಷ್ಟು ಒಂಟಿ ಯಾರೂ ಇರಲಿಲ್ಲ. ನಿನ್ನ ಪಕ್ಕ ಮಲಗುವುದು ಇನ್ನು ಈ ಜನ್ಮಕ್ಕಿಲ್ಲ ಎಂದು ಇವತ್ತು ಮನಸ್ಸಿಗೆ ನಾಟಿತು.

ಮಳೆ ಹಿಡಿದ ದಿನ

ಇದನ್ನು ಹೇಗೆ ಹೇಳಲಿ! ಊಟಕ್ಕೆ ಕೂತಿದ್ದೆವು. ಏಡಿಯ ಕಾಲು ಕಚ್ಚುತ್ತಾ ಅಕ್ಕ ಕೇಳಿದಳು.

"ನನ್ನ ತಮ್ಮನ ಹಲ್ಲು ಯಾರು ಮುರಿದದ್ದು ಅಂತ ನಿಂಗೆ ಹೇಳಿದ್ನಾ?"

"ಬಂಡೆ ಮೇಲೆ ಬಿದ್ದೆ ಅಂತಿದ್ದ."

"ಬಂಡೆಯಂತೆ ಬಂಡೆ! ನಾನು. ನನ್ನ ಪಾಲಿನ ಆಮೆಮೊಟ್ಟೆ ತಿಂದ ಅಂತ ದೋಣಿ ಹುಟ್ಟು ತಗೊಂಡು ಬಾರಿಸಿದೆ. ಇಷ್ಟೇ ಇಷ್ಟು ಇದ್ದ. ಸಾಯೋ ತನಕ ಯಾರಿಗೂ ಹೇಳಲಿಲ್ಲ ನೋಡು, ಪುಣ್ಯಾತ್ಮ."

ನನ್ನ ಕೈಯ ರೊಟ್ಟಿ ಅಲ್ಲೇ ನಿಂತಿತು. ಅಕ್ಕ ನೆಲದ ಕಡೆ ಗಲ್ಲ ತೋರಿಸಿದಳು.

"ಇವಳಿಗೆ ಹಲ್ಲೆಲ್ಲಾ ಇದೆ."

"ಗೊತ್ತಿತ್ತಾ ಅಕ್ಕಾ? ಆವತ್ತೇ?"

"ಮತ್ತೆ ಬಟ್ಟೆ ಯಾಕೆ ಮುಚ್ಚಿದೆ ಅಂದ್ಕೊಂಡೆ? ನೀನು ಬಾಯಿ ಬಿಟ್ಟು ನಿಂತಿದ್ದೆ, ಈಗ ಕೂಗ್ತಾಳೆ, ಈಗ ಕೂಗ್ತಾಳೆ ಅಂತ ನನ್ನ ಜೀವ ಕೈಲಿತ್ತು."

"ಹೊಲ ಹೋಗುತ್ತೆ ಅಂತಾನಾ?"

"ಹೊಲ..." ಏಡಿಯ ಕಾಲನ್ನು ಕೆಳಗಿಟ್ಟಳು. "ಹೊಲ ಉಳೋಕೆ ನನಗೇನು ಜನ ಇದ್ದಾರಾ? ಮಕ್ಕಳಿಬ್ಬರೂ ಮಣೆ ಹೊರೋಕೆ ಹೋದ್ರು. ಇಷ್ಟು ದೊಡ್ಡ ಮನೇಲಿ ಒಬ್ಬಳೇ ಮಲಗಿ ನೋಡಿದೀಯಾ? ಯಾರಾದ್ರೂ ಕೆಳಗಿರಲಿ ಅನ್ನಿಸ್ತು. ಯಾರಾದ್ರೂ."

ಆ ಮುದುಕಿಯ ಕಥೆ ಹೇಳಿದೆ. ಅಕ್ಕನಿಗೂ ನೆನಪಿತ್ತು. ಹೊರಗೆ ಮಳೆ ಹೊಯ್ಯುತ್ತಿತ್ತು. "ಹಾಗಾದ್ರೆ ಇವಳು ಯಾರವಳು ಅಂತ ಹೇಳೋದು?" ಎಂದೆ.

"ಇಷ್ಟು ದಿನ ಏಡಿ ತಿನ್ನಿಸಿದೀವಿ, ಇನ್ನು ಯಾರವಳು ಅಂತ ಕೇಳೋದೇನು ಬಂತು?"

ಆಮೇಲೆ ಒಲೆಯ ಕಡ್ಡಿ ತೆಗೆದು ನೆಲದ ಮೇಲೆ ಗೆರೆ ಎಳೆದಳು. "ಇದು ನಂದು. ಇದು ನಿಂದು. ನಡುವೆ ಅವಳು. ನೀನು ನಿದ್ದೇಲಿ ಒದೀತೀಯ, ಅದಕ್ಕೆ ನನ್ನ ಪಕ್ಕ ಬೇಡ."

ನಾನು ಅಳುತ್ತಾ ನಕ್ಕೆ. ಗೆರೆ ಬೆಳಗ್ಗೆ ಗುಡಿಸುವಾಗ ಹೋಗುತ್ತದೆ, ಹೋಗಲಿ, ಜಾಗ ಇಬ್ಬರಿಗೂ ಗೊತ್ತಿದೆ.

ಏಡಿಗಳು ಮತ್ತೆ ಕಡಲಿಗೆ ಇಳಿದ ಸಂಜೆ

ಬಹಳ ದಿನದ ಮೇಲೆ ಬುರುಡೆ ಇಳಿಸಿದರೆ ಹತ್ತಿ ಕಿತ್ತು ಅಕ್ಕ ಅದರೊಳಗೆ ಬಿತ್ತನೆಯ ಕಡಲೆಕಾಯಿ ತುಂಬಿಟ್ಟಿದ್ದಾಳೆ!

"ಅಯ್ಯೋ, ನನ್ನ ಮಾತೆಲ್ಲ ಎಲ್ಲಿ ಸುರಿದ್ರಿ?"

"ಯಾವ ಮಾತು? ಖಾಲಿ ಇತ್ತು. ತಿಂಗಳಿಂದ ಹುಳ ಬಿದ್ದು ನೇತಾಡ್ತಿತ್ತು."

ಬೈಯಬೇಕೆಂದುಕೊಂಡೆ, ಹೊತ್ತಾಗಿತ್ತು. ದೋಣಿಗಳು ಮರಳುತ್ತಿದ್ದವು. ಅಕ್ಕನ ಕೈ ಹಿಡಿದು ಎಳೆದುಕೊಂಡು ಕಲ್ಲಿನ ಸಾಲಿನ ತನಕ ಹೋದೆ. ಬೂರುಗದ ನೆರಳು ಹಳೆಯ ದಾರಿಗೆ ಮರಳಿತ್ತು. ಹುಡುಗರು ಆಡುತ್ತಿದ್ದರು. ನೆರಳಿನ ತುದಿ ನಿಂತ ಕಡೆ ಬೆರಳು ತೋರಿಸಿದೆ.

"ಅಲ್ಲಿ."

ಅಕ್ಕ ನೋಡಿದಳು. ಒಬ್ಬ ಹುಡುಗ ಅಲ್ಲೇ ಜಾರಿಬಿದ್ದು, ಎದ್ದು, ನಕ್ಕು ಓಡಿದ. ಅವಳು ಅತ್ತದ್ದನ್ನು ನಾನು ಇದೇ ಮೊದಲು ಕಂಡದ್ದು, ತಮ್ಮನನ್ನು ಹೂಳಿದ ದಿನವೂ ಅತ್ತಿರಲಿಲ್ಲ.

"ಮನೆಯೊಳಗೆ ಕಾಲು ನಿಲ್ತಿರಲಿಲ್ಲ ಅವನಿಗೆ," ಎಂದಳು ಆಮೇಲೆ. "ಇಲ್ಲೇ ಇರಲಿ ಬಿಡು. ಗಲಾಟೆ ಅಂದ್ರೆ ಪ್ರಾಣ."

ನೆರಳು ಸರಿಯುವ ತನಕ ಇಬ್ಬರೂ ನಿಂತಿದ್ದೆವು. ನಿನಗೆ ಹೇಳಬೇಕೆಂದು ವರ್ಷದಿಂದ ಕೂಡಿಟ್ಟದ್ದು ಬೇಕಾದಷ್ಟಿತ್ತು. ಆದರೆ ಅಕ್ಕ ಪಕ್ಕದಲ್ಲಿದ್ದಳು, ಅದರಲ್ಲಿ ಬಹುಪಾಲು ಅವಳಿಗೆ ಆಗಲೇ ಹೇಳಿ ಮುಗಿಸಿದ್ದೆ.

ಬೇರೆ ಬುರುಡೆ ಒಂದನ್ನು ಒಣಗಿಸಬೇಕು. ನಾಳೆ ನೋಡೋಣ. ಕಡಲೆಕಾಯಿಯ ಮೇಲೆಯೇ ಇಷ್ಟನ್ನು ಹೇಳುತ್ತಿದ್ದೇನೆ. ಹಂಚು ಕಾದಿದೆ, ಅಕ್ಕ ಕೂಗುತ್ತಿದ್ದಾಳೆ, ಕೆಳಗಿನವಳಿಗೆ ಇನ್ನೂ ರೊಟ್ಟಿ ಇಟ್ಟಿಲ್ಲ.